ಕೋಡಿಯಮಠವೂ ಶುಶ್ರೂಷಾವಿದ್ಯೆಯೂ

ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳು ಶಿಲಾಶಾಸನಗಳಿಗೆ ತವರುಮನೆಯಂತಿರುವುವು. ಬಿ. ಎಲ್. ರೈಸ್ ಮಹಾಶಯರು ೧೯೦೨ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವನ್ನೂ ೧೯೦೪ರಲ್ಲಿ ಎಂಟನೆಯದನ್ನೂ ಪ್ರಕಟಿಸಿದಾಗ, ಮೊದಲನೆಯದರಲ್ಲಿ ಶಿಕಾರಿಪುರದ ಶಾಸನಗಳೂ ಎರಡನೆಯದರಲ್ಲಿ ಸೊರಬದವೂ ವಿದ್ವಾಂಸರ ಕೈಗೆ ದೊರೆತುವು. ಮಯೂರಶರ್ಮನು ವಿದ್ಯಾರ್ಜನೆಗೆಂದು ಕಂಚಿಯ ಘಟಿಕೆಗೆ ಹೋದ ವೃತ್ತಾಂತವನ್ನು ತಾಳಗುಂದದ ಸ್ತಂಭವು ಹೇಳುತ್ತದೆ. ಕುಬಟೂರಿನ ಅಗ್ರಹಾರದ ಮತ್ತು ಬಸದಿಯ ವೈಭವವನ್ನು ಅಲ್ಲಿಯ ಕಲ್ಲುಗಳು ಹೇಳುತ್ತವೆ. ಇವನ್ನು ಓದುವವರು ಸಾಮಾನ್ಯವಾಗಿ ಅರಸರ ವಂಶಾವಳಿಯನ್ನೂ ದತ್ತಿಯ ವಿವರವನ್ನೂ ಭಾಷೆಯ ಸೊಗಸನ್ನೂ ಹುಡುಕುವರು. ಅದು ಸಹಜವೇ ಸರಿ. ಆದರೆ ಬಳ್ಳಿಗಾವೆಯ ಒಂದು ಶಾಸನದಲ್ಲಿ, ಶಾಸ್ತ್ರಗಳ ಹೆಸರುಗಳ ಸಾಲು ಮುಗಿದಮೇಲೆ, ರೋಗದಿಂದ ನರಳುವ ದಿಕ್ಕಿಲ್ಲದ ಜನರ ಮಾತು ಬರುತ್ತದೆ. ರೋಗಿಯ ಆರೈಕೆಗೂ ವಿದ್ಯಾಸ್ಥಾನಕ್ಕೂ ಇರುವ ಸಂಬಂಧವೇನು, ಆ ಸಂಬಂಧವು ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು ಎಂಬುದನ್ನು ಆ ಮಾತನ್ನು ಮೊದಲುಮಾಡಿಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಬಳ್ಳಿಗಾವೆಯು ಇಂದು ಶಿಕಾರಿಪುರ ತಾಲ್ಲೂಕಿನ ಒಂದು ಸಣ್ಣ ಗ್ರಾಮ. ಚಾಲುಕ್ಯರ ಮತ್ತು ಕಲಚುರ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿತ್ತು. ಶೈವ, ವೈಷ್ಣವ, ಜೈನ, ಬೌದ್ಧ ಮತಗಳೆಲ್ಲವೂ ಅಲ್ಲಿ ನೆಲೆಗೊಂಡಿದ್ದುವು. ರೂಪಭಟ್ಟಯ್ಯನೆಂಬ ದಂಡನಾಯಕನು ೧೦೬೫ರ ಸುಮಾರಿಗೆ ಅಲ್ಲಿ ಬೌದ್ಧವಿಹಾರವೊಂದನ್ನು ಕಟ್ಟಿಸಿದನು. ಅಲ್ಲಮಪ್ರಭುಗಳ ಹೆಸರಿನೊಡನೆಯೂ ಈ ಊರಿನ ಹೆಸರು ಸೇರಿಕೊಂಡಿದೆ. ಇಲ್ಲಿಯ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕಾಳಾಮುಖ ಶೈವರ ಒಂದು ಮಠವಿದ್ದಿತು. ಅದಕ್ಕೆ ಕೋಡಿಯಮಠವೆಂದು ಹೆಸರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂಬ ಆಚಾರ್ಯರ ಪರಂಪರೆ ಆ ಮಠದ್ದು.

ಕಲಚುರ್ಯ ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವು ಈ ಮಠದಲ್ಲಿ ನಡೆಯುತ್ತಿದ್ದ ಕಾರ್ಯಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅಂಗಸಹಿತವಾದ ನಾಲ್ಕು ವೇದಗಳ ಪಾಠ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳ ವಿವರಣೆ. ಲಾಕುಲಸಿದ್ಧಾಂತ, ಪಾತಂಜಲಯೋಗ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವೆಲ್ಲಕ್ಕೂ ಅಲ್ಲಿ ಸ್ಥಾನವುಂಟು. ಪರಮತದ ಶಾಸ್ತ್ರವನ್ನೂ ಸ್ವಮತದ ಶಾಸ್ತ್ರದ ಪಕ್ಕದಲ್ಲಿಟ್ಟು ಬೋಧಿಸುತ್ತಿದ್ದ ಈ ಸ್ಥಾನವನ್ನು ಆ ಕಾಲದ ವಿಶ್ವವಿದ್ಯಾನಿಲಯವೆಂದು ಕರೆದರೆ ಅತಿಶಯೋಕ್ತಿಯಾಗದು. ವಿದ್ಯೆಯ ಪಟ್ಟಿ ಮುಗಿದೊಡನೆ ಶಾಸನವು ಅನ್ನದಾನದ ಕಡೆಗೆ ತಿರುಗುತ್ತದೆ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾಜಿಸುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು ಇವರಿಗೆಲ್ಲ ಅಲ್ಲಿ ಊಟ. ಆ ಬಳಿಕ ಬರುವುದೇ ನಮ್ಮ ಪ್ರಕೃತ ವಿಷಯ: ಅನಾಥರಾದ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವೂ ಈ ಮಠವೇ. ಸಕಲ ಪ್ರಾಣಿಗಳಿಗೂ ಅಭಯವನ್ನು ಕೊಡುವ ಸ್ಥಾನವೂ ಇದೇ.

ಈ ವರ್ಣನೆಯಲ್ಲಿ ಶಾಸನಕವಿಗಳಿಗೆ ಸಹಜವಾದ ಉತ್ಪ್ರೇಕ್ಷೆ ಸ್ವಲ್ಪ ಇರಬಹುದು. ಇದ್ದರೂ ಅದರ ಬೆಲೆ ತಗ್ಗುವುದಿಲ್ಲ. ಒಂದು ವಿದ್ಯಾಸ್ಥಾನವನ್ನು ಹೊಗಳಬೇಕಾದರೆ ಅಲ್ಲಿ ಪಾಣಿನಿಯ ಪಾಠ ನಡೆಯುತ್ತದೆಯೆಂದು ಹೇಳುವುದರ ಜೊತೆಗೆ, ಅಲ್ಲಿ ದಿಕ್ಕಿಲ್ಲದ ರೋಗಿಗೆ ಮದ್ದು ಸಿಕ್ಕುತ್ತದೆಯೆಂದೂ ಹೇಳಬೇಕೆಂದು ಆ ಕಾಲದವರಿಗೆ ತೋರಿತು. ಎಂಟೂವರೆ ಶತಮಾನಗಳ ಹಿಂದೆ ನಮ್ಮ ಜಿಲ್ಲೆಯಲ್ಲಿ ಜ್ಞಾನವೂ ಆರೈಕೆಯೂ ಒಂದೇ ಸೂರಿನ ಕೆಳಗೆ ಇದ್ದುವೆಂಬುದು ಸ್ಪಷ್ಟ.

ಆದರೆ ವಿಚಾರಮಾಡುವವರಿಗೆ ಇಲ್ಲಿ ಒಂದು ಪ್ರಶ್ನೆ ಏಳದಿರದು. ಔಷಧವನ್ನು ಹೇಳಿದವನು ವೈದ್ಯ; ಅದನ್ನು ಅರೆದು ಕುಡಿಸಿದವರು ಯಾರು? ಜ್ವರದ ರೋಗಿಯ ಹಾಸಿಗೆಯನ್ನು ಬದಲಾಯಿಸಿದವರು, ಗಂಜಿಯನ್ನು ಕಾಸಿದವರು, ಇರುಳೆಲ್ಲ ಎಚ್ಚರವಿದ್ದು ಉಸಿರನ್ನು ಗಮನಿಸಿದವರು ಯಾರು? ಆಚಾರ್ಯರ ಹೆಸರುಗಳನ್ನು ತಲೆತಲಾಂತರವಾಗಿ ಕೊಡುವ ಶಾಸನವು ಈ ವಿಷಯದಲ್ಲಿ ಮೌನವಾಗಿದೆ.

ಶಾಸ್ತ್ರವು ಮೌನವಾಗಿರಲಿಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣಗಳು ಬೇಕು: ಉಪಚಾರದ ಕ್ರಮವನ್ನು ತಿಳಿದಿರುವುದು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ಇವುಗಳಲ್ಲಿ ತಿಳಿವಳಿಕೆಯನ್ನು ಮೊದಲು ಹೇಳಿರುವುದನ್ನು ಓದುಗರು ಗಮನಿಸತಕ್ಕದ್ದು. ಅದೇ ಗ್ರಂಥದ ಮತ್ತೊಂದು ಅಧ್ಯಾಯದಲ್ಲಿ ಆತುರಾಲಯವನ್ನು ಸಜ್ಜುಗೊಳಿಸುವ ಬಗೆಯನ್ನು ಹೇಳುತ್ತ, ಅಡಿಗೆಮಾಡಲು, ಮೀಯಿಸಲು, ಮೈಯನ್ನು ತಿಕ್ಕಲು, ರೋಗಿಯನ್ನು ಎಬ್ಬಿಸಿ ಕುಳ್ಳಿರಿಸಲು, ಔಷಧವನ್ನು ಅರೆಯಲು ಬಲ್ಲ ಜನರಿರಬೇಕೆಂದು ವಿಧಿಸಿದೆ. ನಾಲ್ಕು ಕಾಲುಗಳಲ್ಲಿ ಒಂದು ಮುರಿದರೆ ಪೀಠ ನಿಲ್ಲದು. ಹೀಗಿದ್ದರೂ ಮೊದಲನೆಯ ಪಾದಕ್ಕೆ ಶಾಸ್ತ್ರವೂ ಗುರುಕುಲವೂ ಬಿರುದೂ ಒದಗಿದುವು. ಮೂರನೆಯ ಪಾದಕ್ಕೆ ಗುಣಗಳ ಪಟ್ಟಿ ಒದಗಿತು, ಪಾಠಶಾಲೆ ಒದಗಲಿಲ್ಲ.

ಕೋಡಿಯಮಠದ ಶಾಸನಕ್ಕಿಂತ ಸುಮಾರು ನೂರು ವರ್ಷ ಹಿಂದಿನ ಒಂದು ಚೋಳಶಾಸನವನ್ನು ಇಲ್ಲಿ ಹೋಲಿಸಿ ನೋಡಬಹುದು. ಚೆಂಗಲ್ಪಟ್ಟಿನ ಸೀಮೆಯ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರನ ಕಾಲದ ಶಾಸನವೊಂದಿದೆ. ಅಲ್ಲಿಯ ದೇವಾಲಯದಲ್ಲಿ ಒಂದು ವೇದಪಾಠಶಾಲೆಯೂ ಹದಿನೈದು ಹಾಸಿಗೆಗಳ ಆತುರಶಾಲೆಯೂ ಇದ್ದುವು. ಆತುರಶಾಲೆಯ ನೌಕರರ ಪಟ್ಟಿಯಲ್ಲಿ ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಗಿಡಮೂಲಿಕೆಗಳನ್ನು ತರುವ ಆಳುಗಳು, ಒಬ್ಬ ಕ್ಷೌರಿಕ ಇವರೊಡನೆ, ರೋಗಿಗಳಿಗೆ ಮದ್ದುಕೊಟ್ಟು ನೋಡಿಕೊಳ್ಳುವ ಇಬ್ಬರು ಹೆಂಗಸರೂ ಇದ್ದಾರೆ; ಅವರಿಗೆ ಸಂಬಳವೂ ಗೊತ್ತಾಗಿದೆ. ತಿರುಮುಕ್ಕೂಡಲಿನ ಆತುರಶಾಲೆಯು ಪಾಠಶಾಲೆಯವರಿಗೂ ದೇವಾಲಯದ ನೌಕರರಿಗೂ ಮೀಸಲು. ಬಳ್ಳಿಗಾವೆಯದು ಅನಾಥರಿಗೆ ತೆರೆದುದು. ಕರುಣೆಯ ವ್ಯಾಪ್ತಿಯಲ್ಲಿ ನಮ್ಮ ಮಠವು ಮುಂದು. ಆರೈಕೆಯವರನ್ನು ಲೆಕ್ಕಕ್ಕೆ ತೆಗೆದುಕೊಂಡುದರಲ್ಲಿ ಆ ದೇವಾಲಯವು ಮುಂದು. ಆದರೆ ಅಲ್ಲಿಯೂ ವೈದ್ಯನ ಹೆಸರು ಕಲ್ಲಿನಲ್ಲಿದೆ, ಆ ಇಬ್ಬರು ಹೆಂಗಸರ ಹೆಸರುಗಳಿಲ್ಲ.

ಮುಂದಿನ ಶತಮಾನಗಳಲ್ಲಿ ಶುಶ್ರೂಷೆಯು ಮನೆಯ ಹೆಂಗಸರ ಕೈಯಲ್ಲಿಯೂ ಊರಿನ ಸೂಲಗಿತ್ತಿಯ ಕೈಯಲ್ಲಿಯೂ ಉಳಿಯಿತು. ಆ ತಿಳಿವಳಿಕೆಯನ್ನು ಕೀಳೆಂದು ಎಣಿಸಲಾಗದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಕ್ಷರವನ್ನರಿಯದೆಯೇ ಸಾವಿರಾರು ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು, ೨೦೧೮ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ಆದರೆ ಇಂಥ ವಿದ್ಯೆಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಒಳ್ಳೆಯದರೊಡನೆ ಕೆಟ್ಟದ್ದೂ ಹೋಗುವುದುಂಟು. ಕೈಯನ್ನು ಏಕೆ ತೊಳೆಯಬೇಕೆಂಬುದನ್ನು ತಿಳಿಯದವರು ಕೆಲಸದ ಆತುರದಲ್ಲಿ ತೊಳೆಯುವುದನ್ನು ಬಿಟ್ಟಾರು. ಕಾರಣವನ್ನು ತಿಳಿಸಿ ಕಲಿಸುವ ಶಾಲೆ ಬೇಕಾದುದು ಇದಕ್ಕಾಗಿ.

ಅಂಥ ಶಾಲೆಗೆ ಆಧುನಿಕ ಕಾಲದಲ್ಲಿ ಅಡಿಪಾಯವನ್ನು ಹಾಕಿದವರು ಫ್ಲಾರೆನ್ಸ್ ನೈಟಿಂಗೇಲ್ ಅವರು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆಮಾಡಿ ಬಂದ ಈಕೆ, ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ ನಿಧಿಯಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯನ್ನು ತೆರೆಸಿದರು. ಗಾಳಿ, ಬೆಳಕು, ಶುಚಿತ್ವ, ಆಹಾರ, ರೋಗಿಯನ್ನು ಗಮನಿಸಿ ಬರೆದಿಡುವುದು ಇವು ಅವರ ಪಾಠದ ಮುಖ್ಯಾಂಶಗಳು. ಚರಕನ ನಾಲ್ಕು ಗುಣಗಳನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರಲಾರದು. ಹೊಸದಾದುದು ಶಾಲೆಯ ಕಟ್ಟುಪಾಡು. ಇಂಡಿಯಾದಲ್ಲಿ ೧೮೭೧ರಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣವು ಮೊದಲಾಯಿತು. ಬೆಂಗಳೂರಿನಲ್ಲಿ ೧೮೮೬ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯೂ ೧೯೦೦ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ೧೯೩೫ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆಯೂ ತೆರೆದುವು. ದೊಡ್ಡ ಆಸ್ಪತ್ರೆಗಳು ಬೆಳೆದಂತೆಲ್ಲ ಶಿಕ್ಷಿತ ದಾದಿಯರಿಲ್ಲದೆ ಕೆಲಸ ನಡೆಯದೆಂಬುದು ಮನದಟ್ಟಾಯಿತು.

ಆ ಕಾಲದ ಶುಶ್ರೂಷಾಶಾಲೆಗಳಿಗೆ ಒಂದು ದೊಡ್ಡ ಕೊರತೆಯಿದ್ದಿತು. ಅವು ಆಸ್ಪತ್ರೆಯ ಅಂಗಗಳು. ಆಸ್ಪತ್ರೆಯ ಕೆಲಸವೇ ಅವುಗಳ ಯಜಮಾನ. ವಿದ್ಯಾರ್ಥಿನಿಯು ಕಲಿಯಲು ಬಂದವಳಾದರೂ ಕಡಮೆ ಖರ್ಚಿನ ಆಳಾಗಿಯೂ ದುಡಿಯಬೇಕಾಗುತ್ತಿತ್ತು. ವಾರ್ಡಿನಲ್ಲಿ ಜನ ಸಾಲದಿದ್ದರೆ ಪಾಠ ನಿಲ್ಲುತ್ತಿತ್ತು. ಪಾಠಕ್ಕಾಗಿ ವಾರ್ಡು ನಿಲ್ಲುತ್ತಿರಲಿಲ್ಲ. ಅತ್ತ ವೈದ್ಯವಿದ್ಯೆಯ ದಾರಿ ಬೇರೆಯಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಏರ್ಪಟ್ಟು, ೧೯೩೦ರಲ್ಲಿ ಅದು ಮೈಸೂರಿಗೆ ಹೋಯಿತು. ಹೀಗೆ ಚಿಕಿತ್ಸೆಯ ಮೊದಲನೆಯ ಪಾದವು ವಿಶ್ವವಿದ್ಯಾನಿಲಯದ ಒಳಗೆ ಸೇರಿತು; ಮೂರನೆಯ ಪಾದವು ಹೊರಗೇ ನಿಂತಿತು.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯವು ೧೯೦೯ರಲ್ಲಿ ಶುಶ್ರೂಷಾಶಾಲೆಯನ್ನು ತನ್ನೊಳಗೆ ಸೇರಿಸಿಕೊಂಡುದು ಆಗ ಹೊಸ ಮಾತು. ೧೯೨೩ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷಾಶಾಲೆಗೆ ಅದರದೇ ಆದ ಡೀನರು ನೇಮಕವಾದರು. ಅಂದರೆ ಪಾಠದ ವಿಷಯದಲ್ಲಿ ಆಸ್ಪತ್ರೆಯ ಯಜಮಾನಿಕೆ ತಪ್ಪಿ, ವಿದ್ಯೆಯ ಯಜಮಾನಿಕೆ ಬಂದಿತು. ಇಂಡಿಯಾದಲ್ಲಿ ಈ ಮಾತು ಬಲಗೊಂಡುದು ೧೯೪೬ರಲ್ಲಿ. ಆ ವರ್ಷ ಹೊರಬಂದ ಭೋರ್ ಸಮಿತಿಯ ವರದಿಯು, ದೇಶದಲ್ಲಿ ಸುಮಾರು ೬,೩೦೦ ಜನಕ್ಕೆ ಒಬ್ಬ ಡಾಕ್ಟರೂ ೪೩,೦೦೦ ಜನಕ್ಕೆ ಒಬ್ಬ ನರ್ಸೂ ಇರುವರೆಂದು ಲೆಕ್ಕಹಾಕಿ ತೋರಿಸಿತು. ಆರೈಕೆಯವರು ವೈದ್ಯರಿಗಿಂತ ಹೆಚ್ಚಾಗಿರಬೇಕಾದ ಕಡೆಯಲ್ಲಿ ಅವರು ಸುಮಾರು ಏಳನೆಯ ಒಂದು ಪಾಲು ಮಾತ್ರ ಇದ್ದರು! ಅದೇ ೧೯೪೬ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಬಿ.ಎಸ್‌ಸಿ. ನರ್ಸಿಂಗ್ ತರಗತಿಗಳು ಆರಂಭವಾದುವು. ವೆಲ್ಲೂರಿನಲ್ಲಿ ೧೯೦೯ರಿಂದಲೇ ನಡೆದುಬಂದ ಶುಶ್ರೂಷಾಶಾಲೆಯಿದ್ದಿತು; ಅಲ್ಲಿಯ ಪದವಿಗೆ ಮದರಾಸು ವಿಶ್ವವಿದ್ಯಾನಿಲಯದ ಮುದ್ರೆ ಬಿದ್ದಿತು. ೧೯೪೭ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಆಕ್ಟು ಜಾರಿಗೆ ಬಂದು, ದೇಶಕ್ಕೆಲ್ಲ ಒಂದೇ ಬಗೆಯ ಶಿಕ್ಷಣಮಟ್ಟವಿರಬೇಕೆಂಬ ನಿಯಮವು ಹುಟ್ಟಿತು.

ಹಾಸಿಗೆಯ ಬಟ್ಟೆಯನ್ನು ಬದಲಾಯಿಸುವುದಕ್ಕೂ ಮದ್ದು ಕುಡಿಸುವುದಕ್ಕೂ ವಿಶ್ವವಿದ್ಯಾನಿಲಯದ ಪದವಿ ಏಕೆ ಎಂದು ಕೇಳುವವರುಂಟು. ಈ ಆಕ್ಷೇಪಕ್ಕೆ ಉತ್ತರವು ದೂರದಲ್ಲಿಲ್ಲ. ಸೊರಬ ತಾಲ್ಲೂಕಿನಲ್ಲಿಯೇ ಇದೆ.

ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸಾಯತೊಡಗಿದುವು. ಸುತ್ತಣ ಹಳ್ಳಿಗಳ ಜನರು ಕಠಿನವಾದ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾಲಯದವರು ಬಂದು ಪರೀಕ್ಷಿಸಿ, ಅದು ಅದುವರೆಗೆ ತಿಳಿಯದಿದ್ದ ವೈರಸ್ಸೆಂದೂ ಕಾಡಿನ ಉಣುಗುಗಳ ಕಡಿತದಿಂದ ಮನುಷ್ಯರಿಗೆ ತಗಲುವುದೆಂದೂ ಕಂಡುಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆಯೆಂದು ಹೆಸರುಪಡೆಯಿತು. ನಮ್ಮ ಜನರಿಗೆ ಅದು ಮಂಗನ ಕಾಯಿಲೆ. ಹಠಾತ್ತನೆ ಜ್ವರ, ತಡೆಯಲಾಗದ ತಲೆನೋವು, ಮಾಂಸಖಂಡಗಳ ನೋವು, ವಾಂತಿ, ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತಸ್ರಾವ ಇವು ಅದರ ಲಕ್ಷಣಗಳು. ಜ್ವರ ಬಿಟ್ಟಿತೆಂದು ನೆಮ್ಮದಿಪಡುವಷ್ಟರಲ್ಲಿ ಕೆಲವರಿಗೆ ಅದು ಮತ್ತೆ ಮರುಕಳಿಸಿ ಮಿದುಳಿಗೆ ತೊಂದರೆ ಕೊಡುವುದುಂಟು. ೨೦೧೯ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಅದು ಮತ್ತೆ ಪ್ರಾಣಗಳನ್ನು ಬಲಿತೆಗೆದುಕೊಂಡಿತು.

ಈ ಕಾಯಿಲೆಯನ್ನು ನೇರವಾಗಿ ಕೊಲ್ಲುವ ಸಿದ್ಧೌಷಧವಿಲ್ಲ. ವೈದ್ಯನು ಆಧಾರಚಿಕಿತ್ಸೆಯನ್ನು ಗೊತ್ತುಮಾಡುತ್ತಾನೆ. ಅದನ್ನು ಗಳಿಗೆ ಗಳಿಗೆಗೂ ನಡೆಸುವವಳು ನರ್ಸು. ದೇಹದ ನೀರಿನ ಅಂಶವು ಬತ್ತದಂತೆ ನೋಡಬೇಕು. ಕೊಟ್ಟ ನೀರು ಎಷ್ಟು, ಹೊರಹೋದುದು ಎಷ್ಟು ಎಂಬ ಲೆಕ್ಕವಿಡಬೇಕು. ರಕ್ತದೊತ್ತಡವು ಇಳಿಯುವುದನ್ನು ಮೊದಲೇ ಗುರುತಿಸಬೇಕು. ರಕ್ತಸ್ರಾವದ ಸಣ್ಣ ಸುಳಿವನ್ನೂ ಕಾಣಬೇಕು. ನೋವಿಗೆಂದು ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವವು ಹೆಚ್ಚೀತೆಂಬುದನ್ನು ತಿಳಿದಿರಬೇಕು. ಜ್ವರ ಬಿಟ್ಟವನ ಮಾತಿನಲ್ಲಿ ಗೊಂದಲ ಕಂಡರೆ ಅದನ್ನು ಕೂಡಲೆ ವೈದ್ಯನಿಗೆ ತಿಳಿಸಬೇಕು. ಇರುಳು ಎರಡು ಗಂಟೆಗೆ ರೋಗಿಯ ಪಕ್ಕದಲ್ಲಿರುವವಳು ಆಕೆಯೇ. ಇಷ್ಟನ್ನೂ ಮಾಡಲು ಶಾರೀರಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಿಗಳ ಗುಣದೋಷ, ಆಹಾರಶಾಸ್ತ್ರ, ಮನಶ್ಶಾಸ್ತ್ರ ಇವೆಲ್ಲವುಗಳ ಪರಿಚಯ ಬೇಕು. ನಾಲ್ಕು ವರ್ಷಗಳ ಬಿ.ಎಸ್‌ಸಿ. ಪಾಠಕ್ರಮದಲ್ಲಿ ಇರುವುದು ಇವೇ. ಮದ್ದು ಸೋತೆಡೆಯಲ್ಲಿ ಆರೈಕೆಯೇ ಮದ್ದು; ಆರೈಕೆಗೆ ಬಲ ತಿಳಿವಳಿಕೆಯಿಂದ. ಚರಕನು ಪರಿಚಾರಕನ ಗುಣಗಳಲ್ಲಿ ತಿಳಿವಳಿಕೆಯನ್ನು ಮೊದಲಿಟ್ಟುದರ ಅರ್ಥವು ಕ್ಯಾಸನೂರಿನ ಜ್ವರದಲ್ಲಿ ಸ್ಪಷ್ಟವಾಗುತ್ತದೆ.

ಕರ್ಣಾಟಕದಲ್ಲಿ ೧೯೯೬ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ವೈದ್ಯ, ದಂತವೈದ್ಯ, ಆಯುರ್ವೇದ, ಔಷಧಶಾಸ್ತ್ರ ಇವುಗಳ ಕಾಲೇಜುಗಳೊಡನೆ ಶುಶ್ರೂಷಾ ಕಾಲೇಜುಗಳೂ ಅದರ ಆಶ್ರಯಕ್ಕೆ ಬಂದುವು. ಕೋಡಿಯಮಠದಲ್ಲಿ ಹೆಸರಿಲ್ಲದೆ ನಿಂತಿದ್ದ ಪರಿಚಾರಕ ವೃತ್ತಿಗೆ ಪದವಿಯೂ ಸ್ನಾತಕೋತ್ತರ ಪದವಿಯೂ ಸಂಶೋಧನೆಯೂ ದೊರೆತುವು. ನಮ್ಮ ಜಿಲ್ಲೆಯಲ್ಲಿ ೨೦೦೭ರಲ್ಲಿ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಗಿ, ಹಳೆಯ ಮೆಗ್ಗಾನ್ ಆಸ್ಪತ್ರೆಯು ಬೋಧನೆಯ ಆಸ್ಪತ್ರೆಯಾಯಿತು.

ಇಲ್ಲಿಗೆ ಕಥೆ ಶುಭವಾಗಿ ಮುಗಿಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಹಿಂದೆ ಆಸ್ಪತ್ರೆಯ ಒಳಗೆ ಪಾಠ ಸಾಲದೆಂಬ ದೂರು ಇದ್ದಿತು. ಕಾಲೇಜುಗಳು ಹೆಚ್ಚಿದಮೇಲೆ, ರೋಗಿಗಳೇ ಸಾಲದ ಕಾಲೇಜುಗಳೆಂಬ ದೂರು ಹುಟ್ಟಿತು. ಹಾಸಿಗೆಯ ಪಕ್ಕದಲ್ಲಿ ನಿಲ್ಲದೆ ಪುಸ್ತಕದಿಂದ ಮಾತ್ರ ಕಲಿತ ಶುಶ್ರೂಷೆಯು, ನೀರಿಗಿಳಿಯದೆ ಕಲಿತ ಈಜಿನಂತೆ. ಮಠದಲ್ಲಿ ಪಾಠಶಾಲೆಯೂ ರೋಗಿಗಳೂ ಒಂದೇ ಅಂಗಳದಲ್ಲಿದ್ದರೆಂಬುದನ್ನು ಕಾಲೇಜುಗಳನ್ನು ತೆರೆಯುವವರು ನೆನೆಯುವುದು ಒಳ್ಳೆಯದು. ಎರಡನೆಯ ಮಾತು ಸಂಬಳದ್ದು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೧೬ರಲ್ಲಿ ಏರ್ಪಟ್ಟ ಸಮಿತಿಯು, ಐವತ್ತಕ್ಕಿಂತ ಕಡಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ತಿಂಗಳ ಸಂಬಳವು ೨೦,೦೦೦ ರೂಪಾಯಿಗೆ ಕಡಮೆಯಾಗಬಾರದೆಂದು ಶಿಫಾರಸುಮಾಡಿತು. ನ್ಯಾಯಾಲಯದವರೆಗೂ ಹೋಗಿ ಇದನ್ನು ಹೇಳಿಸಬೇಕಾಯಿತೆಂಬುದೇ ಆಲೋಚಿಸತಕ್ಕ ವಿಷಯ. ಪದವಿ ಬಂದಿತು, ಪದವಿಗೆ ತಕ್ಕ ಬೆಲೆ ಬರುವುದು ತಡವಾಗಿದೆ.

ಮೂರನೆಯ ಮಾತು ನಮ್ಮ ಮನೆಗಳದು. ಮಗಳು ಡಾಕ್ಟರಾದರೆ ಹೆಮ್ಮೆಯಿಂದ ಊರಿಗೆಲ್ಲ ಹೇಳುವ ಮನೆಗಳು ಒಂದು ಕಾಲದಲ್ಲಿ ಮಗಳು ನರ್ಸಾಗುವೆನೆಂದರೆ ಮುಖ ತಿರುಗಿಸಿದುವು. ಪರರ ಮೈಯನ್ನು ಮುಟ್ಟುವುದು, ಮಲಮೂತ್ರಗಳನ್ನು ಎತ್ತುವುದು, ಇರುಳು ಹೊರಗೆ ಕೆಲಸಮಾಡುವುದು ಇವುಗಳಿಗೆ ಜಾತಿಯ ಸಂಕೋಚವೂ ಮಾನದ ಭಯವೂ ಅಡ್ಡಬಂದುವು. ಮಿಷನ್ ಆಸ್ಪತ್ರೆಗಳ ಸೋದರಿಯರೂ ಕೇರಳದಿಂದ ಬಂದ ಹೆಣ್ಣುಮಕ್ಕಳೂ ಬಹುಕಾಲ ನಮ್ಮ ರೋಗಿಗಳನ್ನು ನೋಡಿಕೊಂಡರು. ಅವರ ಋಣವು ಸಣ್ಣದಲ್ಲ. ಈಗ ಮಲೆನಾಡಿನ ಹಳ್ಳಿಗಳಿಂದಲೂ ಹುಡುಗಿಯರು, ಕೆಲವು ಹುಡುಗರೂ, ಶುಶ್ರೂಷಾ ಕಾಲೇಜುಗಳಿಗೆ ಹೋಗುತ್ತಿರುವರು. ಅವರಲ್ಲಿ ಅನೇಕರು ಬೆಂಗಳೂರಿಗೂ ಪರದೇಶಗಳಿಗೂ ಹೋಗುವುದು ಆಶ್ಚರ್ಯವಲ್ಲ; ಬೆಲೆಯಿರುವ ಕಡೆಗೆ ವಿದ್ಯೆ ಹರಿಯುತ್ತದೆ. ಗುಡ್ಡಗಾಡಿನ ಸೀಮೆಗಳಲ್ಲಿ ೩,೦೦೦ ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವಿರಬೇಕೆಂಬುದು ಸರಕಾರದ ನಿಯಮ. ಉಪಕೇಂದ್ರದ ಕಟ್ಟಡವನ್ನು ಹಣದಿಂದ ಕಟ್ಟಬಹುದು. ಮಳೆಗಾಲದಲ್ಲಿ ಹಳ್ಳದಾಚೆಯ ಒಂಟಿಮನೆಗೆ ಬಾಣಂತಿಯನ್ನು ನೋಡಲು ಹೋಗುವವಳನ್ನು ಅಲ್ಲಿ ಉಳಿಸಿಕೊಳ್ಳುವುದಕ್ಕೆ ಹಣದೊಡನೆ ಮರ್ಯಾದೆಯೂ ಬೇಕು. ಆಕೆಗೆ ವಾಸಕ್ಕೆ ತಕ್ಕ ಮನೆ, ಭಯವಿಲ್ಲದೆ ಓಡಾಡುವ ದಾರಿ, ಹೆಸರುಹಿಡಿದು ಗೌರವದಿಂದ ಕರೆಯುವ ನಾಲಗೆ, ಇವನ್ನು ಊರಿನವರೇ ಒದಗಿಸಬೇಕು.

ಬಳ್ಳಿಗಾವೆಯ ಶಾಸನದಲ್ಲಿ ದಾನಮಾಡಿದವನ ಹೆಸರೂ ದಾನವನ್ನು ಪಡೆದವನ ಹೆಸರೂ ಇವೆ. ರೋಗಿಯನ್ನು ಉಳಿಸಿದ ಕೈ ಯಾರದೆಂಬುದು ಮಾತ್ರ ಇಲ್ಲ. ಆ ಲೋಪವನ್ನು ಕಲ್ಲಿನ ಮೇಲೆ ತಿದ್ದಲು ಇನ್ನು ಬಾರದು. ಶಿಕಾರಿಪುರದ ಆಸ್ಪತ್ರೆಯಲ್ಲಿಯೋ ಸೊರಬದ ಉಪಕೇಂದ್ರದಲ್ಲಿಯೋ ಈ ಇರುಳು ಎಚ್ಚರವಿರುವವರ ವಿಷಯದಲ್ಲಿ ಅದನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿದೆ.